ಕೊಡಗಿನ ಮನೆಗೊಂದು ಗೇಮಿಂಗ್ ಕಂಪ್ಯೂಟರ್: ಒಂದಕ್ಕೊಂದು ಹೊಂದುವ ಬಿಡಿಭಾಗಗಳನ್ನು ಆರಿಸುವ ಬಗೆ

ಗೇಮಿಂಗ್ ಕಂಪ್ಯೂಟರನ್ನು ಬಿಡಿಭಾಗಗಳಿಂದ ಜೋಡಿಸುವುದು ಕಷ್ಟದ ಕೆಲಸವಲ್ಲ. ಒಂದು ಸ್ಕ್ರೂಡ್ರೈವರ್, ಒಳ್ಳೆಯ ಬೆಳಕು ಮತ್ತು ಅರ್ಧ ದಿನದ ಬಿಡುವು ಇದ್ದರೆ ತಾಳ್ಮೆಯುಳ್ಳ ಯಾರಾದರೂ ಜೋಡಿಸಬಹುದು. ಕಷ್ಟವೆಲ್ಲ ಇರುವುದು ಅದಕ್ಕೂ ಮೊದಲು, ಯಾವ ಭಾಗಕ್ಕೆ ಯಾವ ಭಾಗ ಹೊಂದುತ್ತದೆ ಎಂದು ಖಚಿತಪಡಿಸಿಕೊಂಡು ಪಟ್ಟಿ ಬರೆಯುವುದರಲ್ಲಿ. ಬೆಂಗಳೂರಿನ ಎಸ್‌.ಪಿ. ರಸ್ತೆಯ ಕಂಪ್ಯೂಟರ್ ಅಂಗಡಿಗಳ ಸಮೀಪ ಇರುವವರು ಹೊಂದದ ರ‍್ಯಾಮನ್ನು ಅದೇ ಸಂಜೆ ಹಿಂದಿರುಗಿಸಿ ಬೇರೆಯದನ್ನು ತರಬಲ್ಲರು. ಕೊಡಗಿನಲ್ಲಿ ಆ ಅನುಕೂಲವಿಲ್ಲ. ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿಲೋಮೀಟರ್, ಬೆಂಗಳೂರಿಗೆ ಸುಮಾರು 260; ಜಿಲ್ಲೆಗೆ ರೈಲು ಇಲ್ಲ; ನಾಪೋಕ್ಲು, ಭಾಗಮಂಡಲ, ಶ್ರೀಮಂಗಲದಂಥ ಕಡೆಗಳಿಗೆ ಮಳೆಗಾಲದಲ್ಲಿ ಕೊರಿಯರ್ ಬರುವುದೂ ನಿಧಾನ. ಆದ್ದರಿಂದ ಇಲ್ಲಿನವರು ಹಣ ಕೊಡುವ ಮೊದಲೇ ಕಾಗದದ ಮೇಲೆ ಕಂಪ್ಯೂಟರನ್ನು ಪೂರ್ತಿಯಾಗಿ ಜೋಡಿಸಿ ನೋಡಬೇಕು. ಸಾಮಾನ್ಯವಾಗಿ ಕೊನೆಯ ಸಾಲಿಗೆ ಸರಿಯುವ ವಿದ್ಯುತ್ತಿನ ವಿಚಾರವನ್ನೂ ಇಲ್ಲಿ ಮುಂದಕ್ಕೆ ತರಬೇಕಾಗುತ್ತದೆ, ಏಕೆಂದರೆ ಭಾಗಗಳು ಒಂದಕ್ಕೊಂದು ಹೊಂದಿದರೆ ಸಾಲದು, ಮನೆಯ ಕರೆಂಟಿಗೂ ಮನೆಯ ಹವೆಗೂ ಹೊಂದಬೇಕು.

ಮೊದಲ ಹೆಜ್ಜೆ: ಮಾನಿಟರ್

ಬಹುತೇಕರು ಪ್ರೊಸೆಸರಿನಿಂದ ಆರಂಭಿಸುತ್ತಾರೆ. ಆಟಕ್ಕೆಂದೇ ಕಟ್ಟುವ ಯಂತ್ರದಲ್ಲಿ ಮಾನಿಟರಿನಿಂದ ಆರಂಭಿಸುವುದು ಸರಿಯಾದ ಕ್ರಮ, ಏಕೆಂದರೆ ಗ್ರಾಫಿಕ್ಸ್ ಕಾರ್ಡ್ ಎಷ್ಟು ದುಡಿಯಬೇಕು ಎಂಬುದನ್ನು ಪರದೆಯೇ ನಿರ್ಧರಿಸುತ್ತದೆ. 1920×1080 ಪರದೆಯಲ್ಲಿ ಸುಮಾರು 20.7 ಲಕ್ಷ ಪಿಕ್ಸೆಲ್‌ಗಳಿರುತ್ತವೆ, 2560×1440ರಲ್ಲಿ ಸುಮಾರು 36.9 ಲಕ್ಷ, 3840×2160ರಲ್ಲಿ ಸುಮಾರು 82.9 ಲಕ್ಷ. ಅಂದರೆ 4ಕೆ ಪರದೆಯ ಒಂದೊಂದು ಚಿತ್ರಕ್ಕೂ 1080ರ ಪರದೆಗಿಂತ ನಾಲ್ಕು ಪಟ್ಟು ಪಿಕ್ಸೆಲ್‌ಗಳನ್ನು ಬಿಡಿಸಬೇಕು. ಮಧ್ಯಮ ಬಜೆಟ್ಟಿನವರು 1440ರ ಪರದೆಯನ್ನೇ ಗುರಿಯಾಗಿ ಇಟ್ಟುಕೊಳ್ಳುವುದು ನನ್ನ ದೃಷ್ಟಿಯಲ್ಲಿ ಹೆಚ್ಚು ಸಮಂಜಸ. ಪರದೆಯ ರಿಫ್ರೆಶ್ ದರ (ಸೆಕೆಂಡಿಗೆ ಎಷ್ಟು ಬಾರಿ ಚಿತ್ರ ಬದಲಾಗುತ್ತದೆ) ಮತ್ತು ಅದು ಯಾವ ಕೇಬಲ್ಲಿನಲ್ಲಿ ಆ ದರವನ್ನು ಕೊಡುತ್ತದೆ ಎಂಬುದನ್ನೂ ಪಟ್ಟಿಯಲ್ಲಿ ಬರೆದಿಡಿ. ಹಲವು ಮಾನಿಟರುಗಳು ತಮ್ಮ ಪೂರ್ಣ ದರವನ್ನು ಡಿಸ್‌ಪ್ಲೇಪೋರ್ಟಿನಲ್ಲಿ ಮಾತ್ರ ಕೊಟ್ಟು, ಎಚ್‌ಡಿಎಂಐಯಲ್ಲಿ ಕಡಿಮೆಗೆ ನಿಲ್ಲುತ್ತವೆ.

ಎರಡನೆಯ ಹೆಜ್ಜೆ: ಗ್ರಾಫಿಕ್ಸ್ ಕಾರ್ಡ್

ಬಜೆಟ್ಟಿನ ದೊಡ್ಡ ಪಾಲು ಇಲ್ಲಿಗೇ ಹೋಗಬೇಕು. ಕಾರ್ಡಿನ ಹೆಸರಿನ ಜೊತೆಗೆ ನಾಲ್ಕು ಸಂಗತಿಗಳನ್ನು ತಯಾರಕರ ಪುಟದಿಂದ ನೋಡಿ ಬರೆದುಕೊಳ್ಳಬೇಕು: ಅದರ ಸ್ವಂತ ಮೆಮೊರಿ, ಉದ್ದ ಮತ್ತು ದಪ್ಪ, ಅದಕ್ಕೆ ಬೇಕಾದ ವಿದ್ಯುತ್ ಕನೆಕ್ಟರ್, ಅದು ಬಳಸುವ ಪಿಸಿಐ ಎಕ್ಸ್‌ಪ್ರೆಸ್ ಲೇನುಗಳ (ಕಾರ್ಡಿಗೂ ಬೋರ್ಡಿಗೂ ನಡುವೆ ದತ್ತಾಂಶ ಹರಿಯುವ ದಾರಿಗಳ) ಸಂಖ್ಯೆ.

ಮೆಮೊರಿಯ ವಿಷಯದಲ್ಲಿ 8 ಜಿಬಿ ಈಗ ಕನಿಷ್ಠ ಮಿತಿ. ಹೊಸ ಆಟಗಳನ್ನು 1440ರಲ್ಲಿ ಆಡುವವರು 12 ಅಥವಾ 16 ಜಿಬಿ ಇರುವ ಕಾರ್ಡನ್ನೇ ನೋಡಬೇಕು. ಲೇನುಗಳ ವಿಷಯ ಹೆಚ್ಚು ಜನರ ಗಮನಕ್ಕೆ ಬರುವುದಿಲ್ಲ. ಎನ್‌ವಿಡಿಯಾದ ಆರ್‌ಟಿಎಕ್ಸ್ 4060, 5060 ಮತ್ತು 5060 ಟಿಐ ಕಾರ್ಡುಗಳು ನೋಡಲು ಪೂರ್ಣ ಉದ್ದದ ಸ್ಲಾಟಿನಲ್ಲಿ ಕುಳಿತರೂ ಅವುಗಳ ಹದಿನಾರರಲ್ಲಿ ಎಂಟು ಲೇನುಗಳು ಮಾತ್ರ ಕೆಲಸ ಮಾಡುತ್ತವೆ. ಹೊಸ ಮದರ್‌ಬೋರ್ಡಿನಲ್ಲಿ (ಎಲ್ಲ ಭಾಗಗಳನ್ನೂ ಸಿಕ್ಕಿಸುವ ಮುಖ್ಯ ಹಲಗೆ) ಇದರಿಂದ ತೊಂದರೆಯಿಲ್ಲ. ಆದರೆ ಮನೆಯಲ್ಲಿರುವ ಪಿಸಿಐ ಎಕ್ಸ್‌ಪ್ರೆಸ್ 3.0 ಕಾಲದ ಹಳೆಯ ಬೋರ್ಡಿಗೆ ಹಾಕಿದರೆ ಪ್ರತಿ ಲೇನಿನ ವೇಗ 4.0ರ ಅರ್ಧಕ್ಕೆ ಇಳಿಯುವುದರಿಂದ, ವಿಶೇಷವಾಗಿ 8 ಜಿಬಿ ಕಾರ್ಡಿನ ಮೆಮೊರಿ ತುಂಬಿದ ಹೊತ್ತಿನಲ್ಲಿ, ಆಟ ತಡವರಿಸುವುದು ಕಣ್ಣಿಗೆ ಕಾಣುತ್ತದೆ. ಹಳೆಯ ಯಂತ್ರಕ್ಕೆ ಕಾರ್ಡ್ ಮಾತ್ರ ಬದಲಾಯಿಸುವವರು ಹದಿನಾರು ಲೇನುಗಳನ್ನೂ ಬಳಸುವ ಕಾರ್ಡನ್ನು ಹುಡುಕುವುದು ಉತ್ತಮ.

ಮೂರನೆಯ ಹೆಜ್ಜೆ: ಪ್ರೊಸೆಸರ್, ಸಾಕೆಟ್, ಮದರ್‌ಬೋರ್ಡ್

ಹೊಂದಾಣಿಕೆಯ ಪ್ರಶ್ನೆಗಳು ಅತಿ ಹೆಚ್ಚು ಏಳುವುದು ಇಲ್ಲಿ. ಪ್ರೊಸೆಸರ್ ಕೂರುವ ಜಾಗಕ್ಕೆ ಸಾಕೆಟ್ ಎನ್ನುತ್ತಾರೆ. ಸಾಕೆಟ್ ಬೇರೆಯಾದರೆ ಯಾವ ಉಪಾಯದಿಂದಲೂ ಪ್ರೊಸೆಸರನ್ನು ಕೂರಿಸಲಾಗದು. ಎಎಂಡಿಯ ರೈಜನ್ 7000, 8000 ಮತ್ತು 9000 ಸರಣಿಯ ಡೆಸ್ಕ್‌ಟಾಪ್ ಪ್ರೊಸೆಸರುಗಳು 2022ರಲ್ಲಿ ಬಂದ ಎಎಂ5 ಸಾಕೆಟ್ಟಿಗೆ ಸೇರಿದವು, ಅವುಗಳೊಂದಿಗೆ ಡಿಡಿಆರ್5 ಮೆಮೊರಿ ಮಾತ್ರ ನಡೆಯುತ್ತದೆ. ರೈಜನ್ 5000 ಮತ್ತು ಅದಕ್ಕಿಂತ ಹಿಂದಿನವು ಎಎಂ4 ಸಾಕೆಟ್ಟಿನವು, ಅವಕ್ಕೆ ಡಿಡಿಆರ್4. ಇಂಟೆಲ್‌ನ 12, 13 ಮತ್ತು 14ನೆಯ ತಲೆಮಾರಿನವು ಎಲ್‌ಜಿಎ 1700 ಸಾಕೆಟ್ಟಿನಲ್ಲಿ ಕೂರುತ್ತವೆ. ಈ ಸಾಕೆಟ್ಟಿನ ಬೋರ್ಡುಗಳಲ್ಲಿ ಕೆಲವು ಡಿಡಿಆರ್4, ಕೆಲವು ಡಿಡಿಆರ್5 ಬಳಸುವುದರಿಂದ, ಬೋರ್ಡಿನ ಭಾಗಗಳನ್ನು ನಿಯಂತ್ರಿಸುವ ಒಂದೇ ಬಿ760 ಚಿಪ್‌ಸೆಟ್ಟಿನ ಎರಡು ಬೋರ್ಡುಗಳ ಪೂರ್ತಿ ಹೆಸರನ್ನು ಕೊನೆಯ ಅಕ್ಷರದವರೆಗೆ ಓದಬೇಕು. 2024ರ ಅಕ್ಟೋಬರಿನಲ್ಲಿ ಬಂದ ಕೋರ್ ಅಲ್ಟ್ರಾ 200 ಸರಣಿಗೆ ಎಲ್‌ಜಿಎ 1851 ಎಂಬ ಬೇರೆಯೇ ಸಾಕೆಟ್ ಬೇಕು, ಮೆಮೊರಿ ಡಿಡಿಆರ್5 ಮಾತ್ರ.

ಹೊಸದಾಗಿ ಕಟ್ಟುವವರಿಗೆ ನಾನು ಎಎಂ5 ಅನ್ನೇ ಸೂಚಿಸುತ್ತೇನೆ. ಈ ಸಾಕೆಟ್ಟನ್ನು 2027 ಮತ್ತು ಅದರಾಚೆಗೂ ಮುಂದುವರಿಸುವುದಾಗಿ ಎಎಂಡಿ ಹೇಳಿದೆ; ಹೀಗಾಗಿ ಕೆಲವು ವರ್ಷಗಳ ನಂತರ ಪ್ರೊಸೆಸರ್ ಒಂದನ್ನೇ ಬದಲಾಯಿಸಿ ಉಳಿದುದನ್ನು ಹಾಗೆಯೇ ಇಟ್ಟುಕೊಳ್ಳಬಹುದು. ಅಂಗಡಿ ದೂರವಿರುವ ಊರಿನಲ್ಲಿ ಇದು ಸಣ್ಣ ಲಾಭವಲ್ಲ.

ಸಾಕೆಟ್ ಹೊಂದಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಬೋರ್ಡಿನೊಳಗಿದ್ದು ಯಂತ್ರವನ್ನು ಆರಂಭಿಸುವ ಬಯೋಸ್ ತಂತ್ರಾಂಶಕ್ಕೆ ಆ ಪ್ರೊಸೆಸರಿನ ಪರಿಚಯ ಇರಬೇಕು. 2024ರ ಆಗಸ್ಟ್‌ನಲ್ಲಿ ರೈಜನ್ 9000 ಬರುವುದಕ್ಕೂ ಮುಂಚೆ ತಯಾರಾದ ಬಿ650 ಬೋರ್ಡು ಅಂಗಡಿಯ ಕಪಾಟಿನಲ್ಲಿ ಉಳಿದಿದ್ದರೆ, ಅದಕ್ಕೆ ಹೊಸ ಪ್ರೊಸೆಸರ್ ಹಾಕಿದಾಗ ಪರದೆಯಲ್ಲಿ ಏನೂ ಕಾಣದೆ ಹೋಗಬಹುದು. ತಯಾರಕರ ಪುಟದಲ್ಲಿ ಪ್ರತಿ ಬೋರ್ಡಿಗೂ ಅದು ಒಪ್ಪುವ ಪ್ರೊಸೆಸರುಗಳ ಪಟ್ಟಿ ಇರುತ್ತದೆ, ಒಂದೊಂದರ ಎದುರಿಗೂ ಕನಿಷ್ಠ ಬಯೋಸ್ ಆವೃತ್ತಿ ಬರೆದಿರುತ್ತದೆ. ಆ ಸಾಲನ್ನು ನಿಮ್ಮ ಪುಸ್ತಕಕ್ಕೆ ಇಳಿಸಿಕೊಳ್ಳಿ. ಜೊತೆಗೆ, ಬೋರ್ಡಿನ ಹಿಂಬದಿಯಲ್ಲಿ ಬಯೋಸ್ ಫ್ಲ್ಯಾಶ್‌ಬ್ಯಾಕ್ ಗುಂಡಿ ಇರುವ ಮಾದರಿಯನ್ನೇ ಆರಿಸಿ. ಪ್ರೊಸೆಸರ್ ಕೆಲಸ ಮಾಡದಿದ್ದರೂ ಪೆನ್‌ಡ್ರೈವಿನಿಂದ ಬಯೋಸ್ ತುಂಬಲು ಅದು ನೆರವಾಗುತ್ತದೆ. ಬಯೋಸ್ ಬರೆಯುತ್ತಿರುವಾಗ ಕರೆಂಟು ಹೋದರೆ ಬೋರ್ಡು ಆರಂಭವಾಗುವುದನ್ನೇ ನಿಲ್ಲಿಸಬಹುದು, ಆಗ ಮನೆಯಲ್ಲೇ ಸರಿಪಡಿಸಿಕೊಳ್ಳಲು ಉಳಿಯುವ ದಾರಿ ಬಹುಮಟ್ಟಿಗೆ ಈ ಗುಂಡಿಯೊಂದೇ. ತೋಟದ ಮರ ತಂತಿಯ ಮೇಲೆ ಬಿದ್ದು ಹೇಳದೆ ಕೇಳದೆ ಕರೆಂಟು ಹೋಗುವ ನಮ್ಮ ಜಿಲ್ಲೆಯಲ್ಲಿ ಇದನ್ನು ಐಷಾರಾಮ ಎಂದು ಬಿಡಲಾಗದು. ಯುಪಿಎಸ್ ಇಲ್ಲದೆ ಬಯೋಸ್ ನವೀಕರಣಕ್ಕೆ ಕೈಹಾಕಲೂ ಬಾರದು.

ಪ್ರೊಸೆಸರಿನ ಹೆಸರಿನ ಬಾಲಕ್ಕೂ ಅರ್ಥವಿದೆ. ಇಂಟೆಲ್‌ನಲ್ಲಿ ‘ಎಫ್’ ಇದ್ದರೆ, ರೈಜನ್ 5 7500ಎಫ್‌ನಲ್ಲಿರುವಂತೆ, ಒಳಗೆ ಗ್ರಾಫಿಕ್ಸ್ ಇರುವುದಿಲ್ಲ. ಸ್ವಲ್ಪ ಅಗ್ಗ ಎಂಬುದು ನಿಜ. ಆದರೆ ಗ್ರಾಫಿಕ್ಸ್ ಕಾರ್ಡ್ ಕೆಟ್ಟು ವಾರಂಟಿಗೆಂದು ಮೈಸೂರಿಗೋ ಬೆಂಗಳೂರಿಗೋ ಹೋಗಿ ವಾರಗಟ್ಟಲೆ ಬಾರದಿದ್ದಾಗ, ಒಳಗಿನ ಚಿಕ್ಕ ಗ್ರಾಫಿಕ್ಸ್ ಇರುವ ಯಂತ್ರ ಕಡೇಪಕ್ಷ ಓದಿಗೂ ಕಚೇರಿ ಕೆಲಸಕ್ಕೂ ಒದಗುತ್ತದೆ. ಇಂಟೆಲ್‌ನ ‘ಕೆ’ ಪ್ರೊಸೆಸರನ್ನು ನಿಗದಿತ ವೇಗಕ್ಕಿಂತ ಹೆಚ್ಚು ಓಡಿಸುವ ಓವರ್‌ಕ್ಲಾಕಿಂಗ್‌ಗೆ ಜೆಡ್ ಸರಣಿಯ ಚಿಪ್‌ಸೆಟ್ಟೇ ಬೇಕು. 13 ಮತ್ತು 14ನೆಯ ತಲೆಮಾರಿನ ದೊಡ್ಡ ಪ್ರೊಸೆಸರುಗಳು ಅತಿಯಾದ ವೋಲ್ಟೇಜಿನಿಂದ ಅಸ್ಥಿರವಾಗುವ ದೋಷವನ್ನು ಇಂಟೆಲ್ 2024ರಲ್ಲಿ ಒಪ್ಪಿಕೊಂಡು, ಹೊಸ ಮೈಕ್ರೋಕೋಡ್ (ಪ್ರೊಸೆಸರಿನೊಳಗಿನ ತಂತ್ರಾಂಶ) ಬಿಡುಗಡೆ ಮಾಡಿ ವಾರಂಟಿಯನ್ನು ಎರಡು ವರ್ಷ ವಿಸ್ತರಿಸಿತು. ಅವುಗಳನ್ನು ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಮೂಲ ಬಿಲ್ಲನ್ನೂ ಬಯೋಸ್ ನವೀಕರಣದ ದಿನಾಂಕವನ್ನೂ ಕೇಳದೆ ಮುಂದುವರಿಯಬಾರದು.

ನಾಲ್ಕನೆಯ ಹೆಜ್ಜೆ: ರ‍್ಯಾಮ್ ಮತ್ತು ಎಸ್‌ಎಸ್‌ಡಿ

ಡಿಡಿಆರ್4 ಮತ್ತು ಡಿಡಿಆರ್5 ಎರಡಕ್ಕೂ 288 ಸಂಪರ್ಕಗಳೇ ಇದ್ದರೂ ನಡುವಿನ ಕಚ್ಚಿನ ಜಾಗ ಬೇರೆ; ಬಲವಂತದಿಂದ ಒತ್ತಿದರೆ ಸ್ಲಾಟ್ ಮುರಿಯುತ್ತದೆ. ಒಂದೇ ಪೊಟ್ಟಣದಲ್ಲಿ ಬಂದ ಎರಡು ಕಡ್ಡಿಗಳನ್ನೇ ಕೊಳ್ಳಿ, ಪ್ರೊಸೆಸರಿನಿಂದ ಎಣಿಸಿ ಎರಡನೆಯ ಮತ್ತು ನಾಲ್ಕನೆಯ ಸ್ಲಾಟಿನಲ್ಲಿ ಹಾಕಿ. ಎಎಂ5ನಲ್ಲಿ ನಾಲ್ಕೂ ಸ್ಲಾಟು ತುಂಬುವುದನ್ನು ನಾನು ಒಪ್ಪುವುದಿಲ್ಲ: ರೈಜನ್ 7000ಕ್ಕೆ ಎರಡು ಕಡ್ಡಿಗಳಿದ್ದಾಗ ಅಧಿಕೃತ ವೇಗ 5200 ಇದ್ದದ್ದು, ನಾಲ್ಕಾದಾಗ 3600ಕ್ಕೆ ಇಳಿಯುತ್ತದೆ. ‘ಈಗ 16 ಜಿಬಿ, ಮುಂದೆ ಇನ್ನೆರಡು ಕಡ್ಡಿ’ ಎಂಬ ಯೋಜನೆಗಿಂತ, ಸಾಧ್ಯವಾದರೆ ಮೊದಲೇ 16ರ ಎರಡು ಕಡ್ಡಿಗಳನ್ನು ತರುವುದು ಲೇಸು. ರೈಜನ್‌ಗೆ 6000 ವೇಗದ, ಎಕ್ಸ್‌ಪೋ (ಎಎಂಡಿಯ ಮೆಮೊರಿ ವೇಗದ ಸಿದ್ಧ ಹೊಂದಿಕೆ) ಎಂದು ಬರೆದ ಜೋಡಿ ಚೆನ್ನಾಗಿ ಒಗ್ಗುತ್ತದೆ. ಆ ವೇಗ ತಾನಾಗಿ ಬರುವುದಿಲ್ಲ, ಬಯೋಸಿನಲ್ಲಿ ಎಕ್ಸ್‌ಪೋವನ್ನು ಚಾಲೂ ಮಾಡಬೇಕು.

ಎಂ.2 ಎಸ್‌ಎಸ್‌ಡಿಗಳಲ್ಲಿ (ಬೋರ್ಡಿಗೆ ನೇರವಾಗಿ ಸಿಕ್ಕಿಸುವ ಸಂಗ್ರಹ ಕಡ್ಡಿಗಳು) 2280 ಎಂಬ ಅಳತೆ, ಅಂದರೆ 22 ಮಿಲಿಮೀಟರ್ ಅಗಲ ಮತ್ತು 80 ಮಿಲಿಮೀಟರ್ ಉದ್ದ, ಎಲ್ಲ ಸಾಮಾನ್ಯ ಬೋರ್ಡುಗಳಿಗೂ ಹೊಂದುತ್ತದೆ. ಎನ್‌ವಿಎಂಇ ಬಗೆಯದೇ ಎಂದು ನೋಡಿಕೊಳ್ಳಿ, ಅದಕ್ಕಿಂತ ನಿಧಾನವಾದ ಸಾಟಾ ಬಗೆಯ ಎಂ.2 ಕೂಡ ಅದೇ ರೂಪದಲ್ಲಿ ಬರುತ್ತದೆ. ಕೆಲವು ಬೋರ್ಡುಗಳಲ್ಲಿ ಎರಡನೆಯ ಎಂ.2 ತುಂಬಿದೊಡನೆ ಒಂದೆರಡು ಸಾಟಾ ಪೋರ್ಟುಗಳು ನಿಷ್ಕ್ರಿಯವಾಗುತ್ತವೆ. ಹಳೆಯ ಹಾರ್ಡ್‌ಡಿಸ್ಕನ್ನೂ ಸೇರಿಸಬೇಕೆಂದಿರುವವರು ಬೋರ್ಡಿನ ಕೈಪಿಡಿಯಲ್ಲಿ ಆ ಟಿಪ್ಪಣಿಯನ್ನು ಹುಡುಕಬೇಕು.

ಐದನೆಯ ಹೆಜ್ಜೆ: ಕೂಲರ್ ಮತ್ತು ಕ್ಯಾಬಿನೆಟ್

ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದ ಮಡಿಕೇರಿಯಲ್ಲಿ ಕೋಣೆಯ ಹವೆ ವರ್ಷದ ಬಹುಪಾಲು ತಂಪಾಗಿಯೇ ಇರುತ್ತದೆ. 65 ವ್ಯಾಟಿನ ಪ್ರೊಸೆಸರಿಗೆ ಒಂದು ಸಾಧಾರಣ ಗಾಳಿ ಕೂಲರ್ ಧಾರಾಳ. ದ್ರವದ ಕೂಲರಿನ ಪಂಪು ಕೆಟ್ಟರೆ ರಿಪೇರಿಗೆ ಜಿಲ್ಲೆಯಾಚೆ ಹೋಗಬೇಕಾದೀತು. ರೈಜನ್ 5 7600ರ ಪೆಟ್ಟಿಗೆಯಲ್ಲಿ ಕೂಲರ್ ಬರುತ್ತದೆ, 7600ಎಕ್ಸ್ ಮತ್ತು 9600ಎಕ್ಸ್‌ಗಳಲ್ಲಿ ಬರುವುದಿಲ್ಲ. ಪ್ರತ್ಯೇಕ ಕೂಲರ್ ಕೊಳ್ಳುವವರು ಅದರ ಎತ್ತರವನ್ನು ಕ್ಯಾಬಿನೆಟ್ (ಹೊರಪೆಟ್ಟಿಗೆ) ಒಪ್ಪುವ ಎತ್ತರದೊಂದಿಗೆ ಹೋಲಿಸಬೇಕು. ದೊಡ್ಡ ಗಾಳಿ ಕೂಲರುಗಳು 155ರಿಂದ 165 ಮಿಲಿಮೀಟರ್ ಇರುತ್ತವೆ. ಎತ್ತರದ ರ‍್ಯಾಮ್ ಕಡ್ಡಿ ಕೂಲರಿನ ಫ್ಯಾನಿಗೆ ತಾಗದಂತೆಯೂ ನೋಡಬೇಕು.

ಕ್ಯಾಬಿನೆಟ್ಟಿಗೆ ಬೋರ್ಡಿನ ಅಳತೆ ಮೊದಲು ಹೊಂದಬೇಕು: ಎಟಿಎಕ್ಸ್ 305×244 ಮಿಲಿಮೀಟರ್, ಮೈಕ್ರೋ ಎಟಿಎಕ್ಸ್ 244×244, ಮಿನಿ ಐಟಿಎಕ್ಸ್ 170×170. ಅನಂತರ ಗ್ರಾಫಿಕ್ಸ್ ಕಾರ್ಡಿನ ಉದ್ದ. ಮುಂಭಾಗದ ಫ್ಯಾನುಗಳು ಕ್ಯಾಬಿನೆಟ್ಟಿನ ಜಾಗದಲ್ಲಿ 25 ಮಿಲಿಮೀಟರ್ ನುಂಗುತ್ತವೆ ಎಂಬುದನ್ನು ಕಳೆದು ಲೆಕ್ಕ ಹಾಕಿ. ಮುಂಭಾಗ ಗಾಜಿನದಲ್ಲದೆ ಜಾಲರಿಯದಾಗಿದ್ದು, ತೆಗೆದು ತೊಳೆಯಬಹುದಾದ ಫಿಲ್ಟರ್ ಇರಲಿ. ಇರುವೆ ಮತ್ತು ಹಲ್ಲಿಗಳು ಬೆಚ್ಚಗಿನ ಜಾಗ ಹುಡುಕಿಕೊಂಡು ಒಳಸೇರುವುದನ್ನೂ ಅದು ಸ್ವಲ್ಪ ಮಟ್ಟಿಗೆ ತಡೆಯುತ್ತದೆ. ಬಣ್ಣದ ದೀಪ ಬಯಸುವವರಿಗೆ ಒಂದೇ ಎಚ್ಚರಿಕೆ: ಮೂರು ಪಿನ್ನಿನ ಎಆರ್‌ಜಿಬಿ 5 ವೋಲ್ಟಿನದು, ನಾಲ್ಕು ಪಿನ್ನಿನ ಆರ್‌ಜಿಬಿ 12 ವೋಲ್ಟಿನದು, ಮೊದಲನೆಯದನ್ನು ಎರಡನೆಯದರ ಪಿನ್ನುಗಳಿಗೆ ಸಿಕ್ಕಿಸಿದರೆ ದೀಪಗಳು ಸುಟ್ಟುಹೋಗುತ್ತವೆ.

ಆರನೆಯ ಹೆಜ್ಜೆ: ಎಸ್‌ಎಂಪಿಎಸ್, ಯುಪಿಎಸ್, ಅರ್ಥಿಂಗ್

ಹಣ ಉಳಿಸುವ ಜಾಗವಾಗಿ, ಎಲ್ಲ ಭಾಗಗಳಿಗೂ ವಿದ್ಯುತ್ ಒದಗಿಸುವ ಎಸ್‌ಎಂಪಿಎಸ್ ಅನ್ನು ಆರಿಸಿಕೊಳ್ಳುವುದು ತೀರ ತಪ್ಪು ನಿರ್ಧಾರ. ಲೆಕ್ಕ ಸುಲಭ. ರೈಜನ್ 5 7600 ಹೆಚ್ಚೆಂದರೆ 88 ವ್ಯಾಟ್ ಎಳೆಯುತ್ತದೆ, ಆರ್‌ಟಿಎಕ್ಸ್ 5060 ಟಿಐ 180 ವ್ಯಾಟ್. ಬೋರ್ಡ್, ರ‍್ಯಾಮ್, ಎಸ್‌ಎಸ್‌ಡಿ, ಫ್ಯಾನುಗಳಿಗೆ 60 ಸೇರಿಸಿದರೆ 328. ಆದರೆ ಗ್ರಾಫಿಕ್ಸ್ ಕಾರ್ಡುಗಳು ಕ್ಷಣಮಾತ್ರಕ್ಕೆ ತಮ್ಮ ಮಿತಿಯನ್ನು ಬಹಳವಾಗಿ ಮೀರುವುದರಿಂದ ಈ ಕಾರ್ಡಿಗೆ ಎನ್‌ವಿಡಿಯಾ 600 ವ್ಯಾಟಿನ ಎಸ್‌ಎಂಪಿಎಸ್ ಸೂಚಿಸುತ್ತದೆ. 650 ವ್ಯಾಟಿನದನ್ನು ಕೊಂಡರೆ ಮುಂದಿನ ಕಾರ್ಡಿಗೂ ಅವಕಾಶ ಉಳಿಯುತ್ತದೆ. ಇಂಥ ಜಿಗಿತಗಳನ್ನು ತಾಳಿಕೊಳ್ಳುವ ಬಗೆಯನ್ನು ಎಟಿಎಕ್ಸ್ 3.0 ಮತ್ತು 3.1 ಮಾನದಂಡಗಳು ನಿಗದಿಪಡಿಸಿವೆ, ಆ ಗುರುತು ಇರುವುದನ್ನು ನೋಡಿ. 80 ಪ್ಲಸ್ ಬ್ರಾಂಜ್, ಗೋಲ್ಡ್ ಎಂಬವು ಎಷ್ಟು ವಿದ್ಯುತ್ ಶಾಖವಾಗಿ ನಷ್ಟವಾಗುತ್ತದೆ ಎಂಬುದನ್ನಷ್ಟೇ ಹೇಳುತ್ತವೆ, ಒಳಗಿನ ರಕ್ಷಣಾ ವ್ಯವಸ್ಥೆ ಚೆನ್ನಾಗಿದೆಯೇ ಎಂಬುದನ್ನಲ್ಲ. ಕಾರ್ಡಿಗೆ ಸ್ಲಾಟಿನಿಂದ 75 ವ್ಯಾಟ್, ಪ್ರತಿ 8 ಪಿನ್ ಕನೆಕ್ಟರಿನಿಂದ 150 ವ್ಯಾಟ್ ಸಿಗುತ್ತದೆ. ಕಾರ್ಡ್ ಕೇಳುವಷ್ಟು ಕನೆಕ್ಟರುಗಳು ಎಸ್‌ಎಂಪಿಎಸ್‌ನಲ್ಲೇ ಇರಬೇಕು. ಬಿಚ್ಚಿ ಹಾಕಬಹುದಾದ ಕೇಬಲ್ಲುಗಳನ್ನು ಒಂದು ಕಂಪನಿಯ ಎಸ್‌ಎಂಪಿಎಸ್‌ನಿಂದ ಇನ್ನೊಂದಕ್ಕೆ ಎಂದಿಗೂ ಬಳಸಬೇಡಿ. ತುದಿ ಹೊಂದಿದರೂ ಒಳಗಿನ ತಂತಿಗಳ ಕ್ರಮ ಬೇರೆಯಾಗಿದ್ದು, ಎಸ್‌ಎಸ್‌ಡಿ ಅಥವಾ ಬೋರ್ಡು ಕ್ಷಣದಲ್ಲಿ ಸುಡಬಹುದು.

ನಮ್ಮ ಊರುಗಳಿಗೆ ವಿಶೇಷವಾಗಿ ಬೇಕಾದ ಇನ್ನೊಂದು ಸಾಲು ಎಸ್‌ಎಂಪಿಎಸ್‌ನ ಲೇಬಲ್ಲಿನಲ್ಲೇ ಇರುತ್ತದೆ. ಕೆಲವು ಅಗ್ಗದ ಮಾದರಿಗಳು 200ರಿಂದ 240 ವೋಲ್ಟಿಗೆ ಮಾತ್ರ ಸೀಮಿತ, ಒಳ್ಳೆಯವು 100ರಿಂದ 240ರವರೆಗೆ ನಡೆಯುತ್ತವೆ. ಸಾಲಿನ ಕೊನೆಯ ಮನೆಗಳಲ್ಲಿ, ಸಂಜೆ ಎಲ್ಲರೂ ಒಟ್ಟಿಗೆ ಕರೆಂಟು ಬಳಸುವ ಹೊತ್ತಿನಲ್ಲಿ 230 ವೋಲ್ಟ್ ಇರಬೇಕಾದದ್ದು ದೀಪ ಮಂಕಾಗುವಷ್ಟು ಇಳಿಯುವುದುಂಟು. ಅಲ್ಲಿ ಎರಡನೆಯ ಬಗೆಯದೇ ಬೇಕು.

ಯುಪಿಎಸ್ ಕೊಳ್ಳುವಾಗ ವಿಎ ಅಂಕಿಯನ್ನು ವ್ಯಾಟ್ ಎಂದು ಭಾವಿಸಬಾರದು. 600 ವಿಎ ಎಂದು ಬರೆದದ್ದು ಸಾಮಾನ್ಯವಾಗಿ 360 ವ್ಯಾಟ್ ಮಾತ್ರ ಕೊಡುತ್ತದೆ, 1100 ವಿಎ ಸುಮಾರು 660 ವ್ಯಾಟ್. ಮೇಲಿನ ಲೆಕ್ಕದ ಯಂತ್ರಕ್ಕೂ ಮಾನಿಟರಿಗೂ ಸೇರಿ ಎರಡನೆಯದೇ ಸರಿ. ಆಟ ಮುಂದುವರಿಸಲು ಅಲ್ಲ, ಉಳಿಸಿ ಸರಿಯಾಗಿ ಮುಚ್ಚಲು ಅದು ಬೇಕಾದದ್ದು. ಮನೆಯ ಇನ್ವರ್ಟರನ್ನೇ ನಂಬುವವರು ಅದನ್ನು ಯುಪಿಎಸ್ ಮೋಡಿನಲ್ಲಿ ಇಟ್ಟಿದ್ದಾರೆಯೇ ಎಂದು ನೋಡಬೇಕು. ಎಟಿಎಕ್ಸ್ 3.0 ಎಸ್‌ಎಂಪಿಎಸ್ ಕರೆಂಟಿಲ್ಲದೆ ತಡೆದುಕೊಳ್ಳಬೇಕಾದ ಕಾಲ ಪೂರ್ಣ ಹೊರೆಯಲ್ಲಿ 12, ಐದರಲ್ಲಿ ನಾಲ್ಕು ಪಾಲು ಹೊರೆಯಲ್ಲಿ 17 ಮಿಲಿಸೆಕೆಂಡ್ ಅಷ್ಟೆ. ಸಾಮಾನ್ಯ ಮೋಡಿನಲ್ಲಿ ಇನ್ವರ್ಟರ್ ಅದಕ್ಕಿಂತ ತಡವಾಗಿ ಹೊಣೆ ಹೊರುತ್ತದೆ, ಅಷ್ಟರಲ್ಲಿ ಯಂತ್ರ ಆರಿರುತ್ತದೆ.

ಅರ್ಥಿಂಗ್ ಇಲ್ಲದ ಹಳೆಯ ಮನೆಗಳಲ್ಲಿ ಕ್ಯಾಬಿನೆಟ್ಟಿನ ಲೋಹ ಮುಟ್ಟಿದರೆ ಜುಮ್ಮೆನ್ನುತ್ತದೆ. ಎಸ್‌ಎಂಪಿಎಸ್‌ನೊಳಗಿನ ಫಿಲ್ಟರ್ ಕೆಪಾಸಿಟರುಗಳು ಭೂಮಿಗೆ ಹರಿಸಬೇಕಾದ ಅಲ್ಪ ವಿದ್ಯುತ್ತಿಗೆ ದಾರಿಯಿಲ್ಲದೆ, ಲೋಹದ ಮೇಲೆ ಸರಬರಾಜಿನ ಸುಮಾರು ಅರ್ಧದಷ್ಟು ವೋಲ್ಟೇಜ್ ನಿಲ್ಲುವುದೇ ಇದಕ್ಕೆ ಕಾರಣ. ಸ್ಪೈಕ್ ಗಾರ್ಡ್ ಕೂಡ ಅರ್ಥಿಂಗ್ ಇಲ್ಲದೆ ಪೂರ್ತಿ ಕೆಲಸ ಮಾಡುವುದಿಲ್ಲ. ಬಿಡಿಭಾಗ ತರಿಸುವ ಮೊದಲೇ ಎಲೆಕ್ಟ್ರಿಷಿಯನ್‌ ಕರೆಸಿ ಆ ಪ್ಲಗ್ ಪಾಯಿಂಟನ್ನು ಪರೀಕ್ಷಿಸಿ. ಕಾಫಿ ಹೂ ಬಿಡಿಸುವ ಹೂಮಳೆಯ ಕಾಲದಿಂದ ಮುಂಗಾರು ಹಿಡಿಯುವವರೆಗೆ ಸಿಡಿಲಿನ ದಿನಗಳು. ಆಗ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೂ ರೂಟರಿನಿಂದ ಬರುವ ಲ್ಯಾನ್ ಕೇಬಲ್ಲನ್ನೂ ಕೀಳಬೇಕು. ಫೈಬರ್ ತಂತಿ ಸಿಡಿಲನ್ನು ಒಯ್ಯದಿದ್ದರೂ ಮೋಡೆಮ್ಮಿನ ಅಡಾಪ್ಟರ್ ಮೂಲಕ ಅದು ಬರಬಲ್ಲದು.

ಕಕ್ಕಡದ (ಜುಲೈ-ಆಗಸ್ಟ್) ಮಳೆಯಲ್ಲಿ ಗೋಡೆಯೂ ಬೆವರುತ್ತದೆ. ಯಂತ್ರವನ್ನು ನೆಲದ ಮೇಲೆ, ಹೊರಗೋಡೆಗೆ ಒತ್ತಿ ಇಡಬೇಡಿ. ಓಡುತ್ತಿರುವ ಕಂಪ್ಯೂಟರಿನ ಒಳಗೆ ತೇವ ನಿಲ್ಲುವುದಿಲ್ಲ, ಆದ್ದರಿಂದ ಆ ತಿಂಗಳುಗಳಲ್ಲಿ ದಿನಕ್ಕೆ ಸ್ವಲ್ಪ ಹೊತ್ತಾದರೂ ಚಾಲೂ ಮಾಡಿ. ಬಹುದಿನ ಊರಲ್ಲಿ ಇರುವುದಿಲ್ಲವಾದರೆ ಒಳಗೆ ಸಿಲಿಕಾ ಜೆಲ್ ಚೀಲ ಇಟ್ಟು ಹೋಗಿ.

ಪಟ್ಟಿಯನ್ನು ಪರೀಕ್ಷಿಸುವ ಬಗೆ

ಉದಾಹರಣೆಗೆ 1440 ಪರದೆಗೆ ಈ ಪಟ್ಟಿಯನ್ನು ತೆಗೆದುಕೊಳ್ಳಿ: ರೈಜನ್ 5 7600, ಫ್ಲ್ಯಾಶ್‌ಬ್ಯಾಕ್ ಗುಂಡಿಯಿರುವ ಬಿ650 ಮೈಕ್ರೋ ಎಟಿಎಕ್ಸ್ ಬೋರ್ಡ್, ಡಿಡಿಆರ್5 6000 ವೇಗದ 16 ಜಿಬಿಯ ಎರಡು ಕಡ್ಡಿ, ಆರ್‌ಟಿಎಕ್ಸ್ 5060 ಟಿಐ 16 ಜಿಬಿ, 1 ಟಿಬಿ ಎನ್‌ವಿಎಂಇ, 650 ವ್ಯಾಟಿನ ಎಸ್‌ಎಂಪಿಎಸ್, ಜಾಲರಿ ಮುಖದ ಕ್ಯಾಬಿನೆಟ್. ಈಗ ಒಂದೊಂದು ಸಂಧಿಯನ್ನೂ ಬೆರಳಿಟ್ಟು ಓದಿ. ಪ್ರೊಸೆಸರ್ ಮತ್ತು ಬೋರ್ಡ್ ಎರಡೂ ಎಎಂ5. 7600 ಹಳೆಯದಾದ್ದರಿಂದ ಬಯೋಸ್ ಚಿಂತೆ ಕಡಿಮೆ. ಬೋರ್ಡ್ ಮತ್ತು ರ‍್ಯಾಮ್ ಎರಡೂ ಡಿಡಿಆರ್5. ಕಾರ್ಡಿನ ಎಂಟು ಲೇನುಗಳು 4.0 ವೇಗದಲ್ಲಿ ನಡೆಯುತ್ತವೆ, ಸಾಕು. ಕಾರ್ಡಿನ ಉದ್ದ, ಕೂಲರಿನ ಎತ್ತರ, ಮುಂಭಾಗದ ಟೈಪ್ ಸಿ ಪೋರ್ಟಿಗೆ ಬೋರ್ಡಿನಲ್ಲಿ ಜಾಗ, ಇವು ಆಯಾ ಮಾದರಿಯ ಪುಟ ನೋಡಿ ತುಂಬಬೇಕಾದ ಖಾನೆಗಳು. ಒಂದು ಖಾನೆ ಖಾಲಿ ಉಳಿದರೂ ಆರ್ಡರ್ ಮಾಡಬೇಡಿ. ನೀವು ಆಡುವ ಆಟ ಸೆಕ್ಯೂರ್ ಬೂಟ್ ಮತ್ತು ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯಗಳನ್ನು ಕೇಳುತ್ತದೆಯೇ ಎಂಬುದನ್ನೂ ಇದೇ ಹಂತದಲ್ಲಿ ನೋಡಿಕೊಳ್ಳಿ; ಈ ಬೋರ್ಡುಗಳಲ್ಲಿ ಎರಡೂ ಇವೆ, ಬಯೋಸಿನಲ್ಲಿ ಚಾಲೂ ಮಾಡಬೇಕಾಗಬಹುದು.

ಸಾಧ್ಯವಾದಷ್ಟು ಭಾಗಗಳನ್ನು ಒಂದೇ ಅಂಗಡಿಯಲ್ಲಿ, ಒಂದೇ ದಿನ ಕೊಳ್ಳಿ. ಹಾಗಿದ್ದರೆ ದೋಷ ಯಾವ ಭಾಗದ್ದು ಎಂಬ ವಾದ ಕಡಿಮೆಯಾಗುತ್ತದೆ. ಜಿಎಸ್‌ಟಿ ಬಿಲ್ಲಿನಲ್ಲಿ ಪ್ರತಿ ಭಾಗದ ಸೀರಿಯಲ್ ಸಂಖ್ಯೆ ಬರೆಸಿ, ಪೊಟ್ಟಣ ಬಿಚ್ಚುವಾಗ ವಿಡಿಯೋ ಮಾಡಿಕೊಳ್ಳಿ. ಎಲ್ಲವೂ ಬಂದ ಮೇಲೆ ನೇರವಾಗಿ ಕ್ಯಾಬಿನೆಟ್ಟಿಗೆ ಕೂರಿಸದೆ, ಬೋರ್ಡನ್ನು ಅದರದೇ ರಟ್ಟಿನ ಪೆಟ್ಟಿಗೆಯ ಮೇಲಿಟ್ಟು ಪ್ರೊಸೆಸರ್, ಕೂಲರ್, ಒಂದು ರ‍್ಯಾಮ್ ಕಡ್ಡಿ ಮತ್ತು ಎಸ್‌ಎಂಪಿಎಸ್ ಮಾತ್ರ ಸೇರಿಸಿ, ಮಾನಿಟರನ್ನು ಬೋರ್ಡಿನ ಪೋರ್ಟಿಗೇ ಸಿಕ್ಕಿಸಿ ಚಾಲೂ ಮಾಡಿ. ಎಎಂ5 ಬೋರ್ಡು ಮೊದಲ ಬಾರಿ ಮೆಮೊರಿಯನ್ನು ಅಳೆದು ಹೊಂದಿಸಿಕೊಳ್ಳುವಾಗ ಪರದೆ ಕೆಲವು ನಿಮಿಷ ಕಪ್ಪಾಗಿಯೇ ಇರುತ್ತದೆ. ಕೆಟ್ಟಿದೆ ಎಂದು ಭಾವಿಸಿ ನಡುವೆ ಆರಿಸಬಾರದು. ಬಯೋಸ್ ಕಂಡ ಮೇಲೆ ಉಳಿದುದನ್ನು ಜೋಡಿಸಿ, ಮಾನಿಟರಿನ ಕೇಬಲ್ಲನ್ನು ಗ್ರಾಫಿಕ್ಸ್ ಕಾರ್ಡಿಗೆ ಬದಲಾಯಿಸಿ, ಎಕ್ಸ್‌ಪೋ ಚಾಲೂ ಮಾಡಿ ಒಂದು ರಾತ್ರಿ ಮೆಮೊರಿ ಪರೀಕ್ಷಿಸುವ ಮೆಮ್‌ಟೆಸ್ಟ್ ಓಡಿಸಿ. ಒಂದೇ ಒಂದು ದೋಷ ಕಂಡರೂ, ಹಿಂದಿರುಗಿಸುವ ಅವಧಿ ಮುಗಿಯುವ ಮೊದಲು ಆ ಜೋಡಿಯನ್ನು ಮೂಲ ಪೊಟ್ಟಣದಲ್ಲೇ ಅಂಗಡಿಗೆ ಕಳುಹಿಸಿ.